ಲೀಡರ್ ಇಲ್ಲದ ಕಥೆಗೆ ಹೀರೋಯಿನ್ ಎಲ್ಲಿಂದ ತರೋದು?

ಗಾಂಧಿನಗರದಲ್ಲಿ ಸಿನಿಮಾ ನಿರ್ಮಾಪಕರಿಗೆ ಕಥೆ ಹೇಳೋಕೆ ಹೋದ ಕಡೆಯೆಲ್ಲ ನನಗೆ ಸಿಕ್ಕಿದ್ದು ಒಂದೇ ಪ್ರಶ್ನೆ. "ಲೀಡರ್ ಯಾರು?"

2016ರ ಏಪ್ರಿಲ್‌ನಲ್ಲಿ ಬೆಂಗಳೂರಿನ ಗಾರ್ಮೆಂಟ್ಸ್ ಹೆಂಗಸರು ಪಿಎಫ್ ದುಡ್ಡಿಗಾಗಿ ಹೊಸೂರು ರಸ್ತೆಯಲ್ಲಿ ಕೂತರಲ್ಲ, ಅದನ್ನು ಸಿನಿಮಾ ಮಾಡಬೇಕು ಅನ್ನುತ್ತಿದ್ದೆ. "ಲೀಡರ್ ಅಂತ ಯಾರೂ ಇರಲಿಲ್ಲ ಸಾರ್" ಅಂದ ತಕ್ಷಣ ಎದುರಿಗಿದ್ದವರು ಟೀ ತರಿಸುತ್ತಿದ್ದರು. ಟೀ ಮುಗಿದರೆ ಕಥೆಯೂ ಮುಗಿಯಿತು ಅಂತ ಅರ್ಥ.

ಮರೆತವರಿಗಾಗಿ ಸ್ವಲ್ಪ ಹೇಳಿಬಿಡುತ್ತೇನೆ. ಅಲ್ಲಿಯವರೆಗೆ ಕೆಲಸ ಬಿಟ್ಟು ಎರಡು ತಿಂಗಳಾದರೆ ಪಿಎಫ್ ಪೂರ್ತಿ ತೆಗೆಯಬಹುದಿತ್ತು. ಆ ವರ್ಷ ಫೆಬ್ರವರಿಯಲ್ಲಿ ಕೇಂದ್ರ ಸರ್ಕಾರ ನಿಯಮ ಬದಲಿಸಿತು. ಕಂಪನಿ ಕಟ್ಟಿದ ಪಾಲು 58 ವರ್ಷ ಆಗುವವರೆಗೆ ಸಿಗುವುದಿಲ್ಲ ಅಂತಾಯಿತು. ಗಾರ್ಮೆಂಟ್ಸ್‌ನಲ್ಲಿ 58ರವರೆಗೆ ಮಷಿನ್ ಮುಂದೆ ಕೂರುವವರು ಎಷ್ಟು ಜನ? ಐದಾರು ವರ್ಷ ಹೊಲಿದು, ಕೆಲಸ ಬಿಟ್ಟು, ಪಿಎಫ್ ತೆಗೆದು, ಒತ್ತೆ ಇಟ್ಟ ಓಲೆ ಬಿಡಿಸಿಕೊಂಡು, ಮತ್ತೆ ಬೇರೆ ಫ್ಯಾಕ್ಟರಿ ಸೇರುವುದು ಅವರ ಲೆಕ್ಕ. ಏಪ್ರಿಲ್ 18ಕ್ಕೆ ಬೊಮ್ಮನಹಳ್ಳಿ ಕಡೆ ಜನ ರಸ್ತೆಗಿಳಿದರು. ಮರುದಿನ ಜಾಲಹಳ್ಳಿ ಕ್ರಾಸ್, ಪೀಣ್ಯ, ಹೆಬ್ಬಗೋಡಿ ಎಲ್ಲ ಕಡೆ ಹಬ್ಬಿತು. ಲಾಠಿ ಬಿತ್ತು, ಅಶ್ರುವಾಯು ಸಿಡಿಯಿತು, ಬಸ್ಸುಗಳು ಸುಟ್ಟವು. 19ರ ಸಂಜೆಗೆಲ್ಲ ಸರ್ಕಾರ ಆದೇಶ ವಾಪಸ್ ತೆಗೆದುಕೊಂಡಿತು. ಎರಡೇ ದಿನ. ಯಾವ ಯೂನಿಯನ್ನೂ ಕರೆ ಕೊಟ್ಟಿರಲಿಲ್ಲ.

ನಾನು ಆಗ ಹೊಂಗಸಂದ್ರದ ಒಂದು ವಠಾರದಲ್ಲಿ ಬಾಡಿಗೆಗಿದ್ದೆ. ಪಕ್ಕದ ಮನೆಯ ಅಕ್ಕ ಟೈಲರ್. ಶರ್ಟಿಗೆ ಕಾಲರ್ ಕೂರಿಸುವ ಕೆಲಸ. ಎರಡನೇ ದಿನ ರಾತ್ರಿ ಕಾಲು ಊದಿಸಿಕೊಂಡು ಬಂದವರು ಬಾಗಿಲಲ್ಲೇ ಕೂತು, "ಕೊಡ್ತಾರಂತೆ ಕಣಪ್ಪ" ಅಂದರು. ಆ ಒಂದು ಮಾತಿಗೆ ನನ್ನ ಏಳು ವರ್ಷ ಮತ್ತು 28 ಲಕ್ಷ ಹೋಯಿತು. ಅದರಲ್ಲಿ ಅರ್ಧ ಸಾಲ.

ಮೊದಲ ಸ್ಕ್ರಿಪ್ಟ್‌ನಲ್ಲಿ ಅಕ್ಕನನ್ನೇ ಲೀಡರ್ ಮಾಡಿದ್ದೆ. ಗಾಂಧಿನಗರದ ಟೀ ಪ್ರಭಾವ ಅನ್ನಿ. ಮೊದಲ ದಿನ ಮೊದಲು ಮಷಿನ್ ಆಫ್ ಮಾಡುವವಳು ಅವಳೇ. ರಸ್ತೆ ಡಿವೈಡರ್ ಮೇಲೆ ನಿಂತು ಎರಡು ಪುಟ ಮಾತಾಡುತ್ತಾಳೆ. ಓದಿ ಹೇಳಿದೆ. ಅಕ್ಕ ಅವರೆಕಾಯಿ ಬಿಡಿಸುತ್ತಾ ಪೂರ್ತಿ ಕೇಳಿಸಿಕೊಂಡರು.

"ಮೊದಲ್ನೇ ದಿನ ನಾನು ಹೋಗೇ ಇಲ್ಲ. ಟಾರ್ಗೆಟ್ ಮುಗಿಸ್ತಾ ಕೂತಿದ್ದೆ, ಭಯಕ್ಕೆ. ಭಾಷಣ ಯಾರೂ ಮಾಡ್ಲಿಲ್ಲ. ರಸ್ತೇಲಿ ಕೂತ್ಮೇಲೆ ನಮಗಿದ್ದ ಚಿಂತೆ ಒಂದೇ, ಬಾತ್‌ರೂಮಿಗೆ ಎಲ್ಲಿಗೆ ಹೋಗೋದು ಅಂತ."

ಸ್ಕ್ರಿಪ್ಟ್ ಮಡಚಿ ಎದ್ದು ಬಂದೆ. ಕೋಪ ಬಂದಿತ್ತು, ಸುಳ್ಳೇಕೆ ಹೇಳಲಿ. ಆದರೆ ಆ ಭಯ ಮತ್ತು ಬಾತ್‌ರೂಮು, ಈ ಎರಡೇ ಆಮೇಲೆ ನನ್ನ ಸಿನಿಮಾ ಆದವು. ಮೊದಲರ್ಧ ಪೂರ್ತಿ ಅವಳು ಒಳಗೇ ಕೂತಿರುತ್ತಾಳೆ. ಹೊರಗಿನ ಗಲಾಟೆ ಕಿಟಕಿಯಿಂದ ಕೇಳುತ್ತದೆ, ಅಷ್ಟೇ.

ಕಾಗದ ಪತ್ರದ ವಿಷಯ. ನಡೆದ ಘಟನೆ ಸಾರ್ವಜನಿಕ ದಾಖಲೆಯಲ್ಲಿ, ಕೋರ್ಟ್ ದಾಖಲೆಯಲ್ಲಿ ಬಂದಿದ್ದರೆ ಅದನ್ನು ಹೇಳಲು ಯಾರ ಅನುಮತಿಯೂ ಬೇಕಿಲ್ಲ. 1994ರ ಆಟೋ ಶಂಕರ್ ಪ್ರಕರಣದಲ್ಲಿ, ಅಂದರೆ ಜೈಲಿನಲ್ಲಿದ್ದ ಕೊಲೆಗಾರನೊಬ್ಬನ ಆತ್ಮಕಥೆಯನ್ನು ಪತ್ರಿಕೆ ಪ್ರಕಟಿಸಬಹುದೇ ಅನ್ನುವ ಕೇಸಿನಲ್ಲಿ, ಸುಪ್ರೀಂ ಕೋರ್ಟ್ ಇದನ್ನು ಹೇಳಿದೆ. ಆದರೆ ದಾಖಲೆಯಲ್ಲಿ ಇಲ್ಲದ್ದು, ಅಂದರೆ ಅಡುಗೆಮನೆಯ ಮಾತು, ಗಂಡನ ಜಗಳ, ಒತ್ತೆ ಇಟ್ಟ ಓಲೆ, ಅದು ಆ ಮನುಷ್ಯರದು. ವಕೀಲ ಗೆಳೆಯ ಇಂಗ್ಲಿಷ್‌ನಲ್ಲಿ 11 ಪುಟದ ಕರಾರು ಮಾಡಿಕೊಟ್ಟ. ಅಕ್ಕ ಅದನ್ನು ತಿರುಗಿಸಿ ನೋಡಿ, "ಎಲ್ಲಿ ಸೈನು?" ಅಂದರು. ಓದಲು ಬಾರದ್ದಕ್ಕೆ ಸಹಿ ಹಾಕಿಸಿಕೊಳ್ಳಲು ಮನಸ್ಸಾಗಲಿಲ್ಲ. ಕನ್ನಡದಲ್ಲಿ ಎರಡು ಪುಟ ಬರೆಸಿದೆ. ಹೆಸರು ಬದಲಾಗಬೇಕು. ಫ್ಯಾಕ್ಟರಿ ಯಾವುದು ಅಂತ ಗೊತ್ತಾಗಬಾರದು. ಎಡಿಟಿಂಗ್ ಮುಗಿಯುವ ಮೊದಲೇ ಅವರಿಗೆ ತೋರಿಸಬೇಕು. 60 ಸಾವಿರ, ಎರಡು ಕಂತಿನಲ್ಲಿ. ಕೊನೆಗೆ ಅವರೇ ಒಂದು ಸೇರಿಸಿದರು: ಗಂಡನ ಸುದ್ದಿ ಬೇಡ.

ಸ್ಕ್ರಿಪ್ಟ್‌ನಲ್ಲಿ ಎಲ್ಲಕ್ಕಿಂತ ಚೆನ್ನಾಗಿದ್ದದ್ದು ಗಂಡನ ಸೀನೇ. ತೆಗೆದೆ. ಇವತ್ತಿಗೂ ಹೊಟ್ಟೆ ಉರಿಯುತ್ತದೆ.

ಶೂಟಿಂಗ್‌ಗೆ ಯಾವ ಫ್ಯಾಕ್ಟರಿಯೂ ಒಳಗೆ ಬಿಡಲಿಲ್ಲ. ಮುಚ್ಚಿಹೋಗಿದ್ದ ಒಂದು ಸಣ್ಣ ಯೂನಿಟ್ ಬಾಡಿಗೆಗೆ ಹಿಡಿದು, 24 ಹಳೆಯ ಜೂಕಿ ಹೊಲಿಗೆ ಮಷಿನ್ ತಂದು ಸಾಲಾಗಿ ಒಂದು ಲೈನ್ ಹಾಕಿದೆವು. ನಟಿಯರಿಗೆ ಒಂದು ವಾರ ಹೊಲಿಗೆ ಕಲಿಸಿದೆವು. ಪ್ರಯೋಜನ ಆಗಲಿಲ್ಲ. ಕೈ ಸುಳ್ಳು ಹೇಳುವುದಿಲ್ಲ ನೋಡಿ. ನಿಜವಾದ ಟೈಲರ್ ಬಟ್ಟೆಯನ್ನು ನೋಡುವುದೇ ಇಲ್ಲ, ಬೆರಳು ತಾನೇ ಹೋಗುತ್ತದೆ. ಹಾಗಾಗಿ ಒಬ್ಬಿಬ್ಬರನ್ನು ಬಿಟ್ಟು ಉಳಿದವರೆಲ್ಲ ನಿಜವಾದ ಗಾರ್ಮೆಂಟ್ಸ್ ಹುಡುಗಿಯರು. ಅವರಿಗೆ ರಜೆ ಭಾನುವಾರ ಮಾತ್ರ. ಸರಿ, ಭಾನುವಾರಗಳಲ್ಲೇ ಶೂಟಿಂಗ್. 19 ದಿನದ ಕೆಲಸ ಐದು ತಿಂಗಳು ಎಳೆಯಿತು. ಕತೆಯಲ್ಲಿ ಎರಡೇ ದಿನ, ಆದರೆ ನಡುವೆ ಒಬ್ಬಳಿಗೆ ಮದುವೆಯಾಗಿ ಕೊರಳಿಗೆ ತಾಳಿ ಬಂತು. ಅವಳನ್ನು ಆಮೇಲೆಲ್ಲ ಬೆನ್ನ ಹಿಂದಿನಿಂದಲೇ ತೆಗೆದದ್ದು.

ಸೌಂಡ್ ಬಗ್ಗೆ ಸ್ವಲ್ಪ ಜಾಸ್ತಿ ಹೇಳುತ್ತೇನೆ, ಯಾಕೆಂದರೆ ಸಿನಿಮಾ ನನಗೆ ಅರ್ಥವಾಗಿದ್ದು ಅಲ್ಲೇ. 24 ಮಷಿನ್ ಒಟ್ಟಿಗೆ ಓಡಿದರೆ ಪಕ್ಕದವಳ ಮಾತು ಕೇಳಿಸುವುದಿಲ್ಲ. ಮಷಿನ್ ನಿಲ್ಲಿಸಿ ಮಾತು ರೆಕಾರ್ಡ್ ಮಾಡಿ, ಶಬ್ದ ಆಮೇಲೆ ಸೇರಿಸೋಣ ಅಂದುಕೊಂಡೆವು. ಹಾಗೆ ತೆಗೆದದ್ದು ನಾಟಕದ ಹಾಗೆ ಬಂತು. ಆಗ ಹುಡುಗಿಯರು ತಾವು ದಿನಾ ಹೇಗೆ ಮಾತಾಡುತ್ತೇವೆ ಅಂತ ತೋರಿಸಿದರು. ತಲೆ ತಿರುಗಿಸುವ ಹಾಗಿಲ್ಲ, ಸೂಪರ್‌ವೈಸರ್ ಕಣ್ಣಿಗೆ ಬೀಳುತ್ತದೆ. ತುಟಿ ಮಾತ್ರ ಆಡುತ್ತದೆ. ಎದುರಿನವಳು ಓದಿಕೊಳ್ಳುತ್ತಾಳೆ. 'ಪಿಎಫ್ ಕೊಡಲ್ವಂತೆ' ಅನ್ನುವ ಸುದ್ದಿ ಒಂದು ತುಟಿಯಿಂದ ಇನ್ನೊಂದಕ್ಕೆ ಹೋಗಿ ಲೈನಿನ ಕೊನೆ ಮುಟ್ಟುತ್ತದೆ. ಮಷಿನ್‌ಗಳು ಒಂದೊಂದಾಗಿ ನಿಲ್ಲುತ್ತವೆ. 14 ಪುಟದ ಡೈಲಾಗ್ ಐದಕ್ಕೆ ಇಳಿಯಿತು. ಲೀಡರ್ ಯಾರು ಅಂತ ಕೇಳಿದವರಿಗೆಲ್ಲ ಈ ಒಂದು ಸೀನ್ ತೋರಿಸಬೇಕಿತ್ತು.

ರಸ್ತೆಯ ಕಷ್ಟ ಬೇರೆ. ಹೊಸೂರು ರಸ್ತೆಯಲ್ಲಿ ಕ್ಯಾಮೆರಾ ಎಲ್ಲಿ ತಿರುಗಿಸಿದರೂ ಹಳದಿ ಮಾರ್ಗದ ಮೆಟ್ರೊ ಕಂಬ. 2016ರ ಆ ದಿನಗಳಲ್ಲಿ ಅವು ಇರಲಿಲ್ಲ. ಸಾವಿರಾರು ಜನ ಬೇಕು, ನಮ್ಮ ಹತ್ತಿರ ಇದ್ದವರು 140. ಒಂದು ನ್ಯೂಸ್ ಚಾನೆಲ್ ಹಳೆಯ ದೃಶ್ಯಕ್ಕೆ ಸೆಕೆಂಡಿನ ಲೆಕ್ಕದಲ್ಲಿ ದುಡ್ಡು ಕೇಳಿತು. ಗುಣಿಸಿ ನೋಡಿ ಕ್ಯಾಲ್ಕುಲೇಟರ್ ಒಳಗಿಟ್ಟೆ. ಕೊನೆಗೆ ಕೈಹಿಡಿದದ್ದು ಆ ಹೆಂಗಸರ ಹಳೆಯ ಮೊಬೈಲ್‌ಗಳೇ. ಪರದೆ ಒಡೆದ ಫೋನ್‌ಗಳಲ್ಲಿ ಉದ್ದುದ್ದಕ್ಕೆ ತೆಗೆದ, ಅಲ್ಲಾಡುವ ವಿಡಿಯೊಗಳು. ತೆಗೆದವರ ಒಪ್ಪಿಗೆ ಪಡೆದು, ಕಾಣುವ ಮುಖಗಳನ್ನೆಲ್ಲ ಮಸುಕು ಮಾಡಿ, ಹಾಗೇ ಬಳಸಿದೆವು. ಕೆಲವರು ಇನ್ನೂ ಅದೇ ಫ್ಯಾಕ್ಟರಿಗಳಲ್ಲಿ ಇದ್ದಾರೆ.

ಸಣ್ಣ ತಲೆನೋವು ಒಂದು. ಸಂಬಳ ಎಣಿಸುವ ಸೀನಿಗೆ ಹಳೆಯ 500ರ ನೋಟು ಬೇಕು, ನೋಟು ರದ್ದಾಗಿದ್ದು ಅದೇ ವರ್ಷ ನವೆಂಬರ್‌ನಲ್ಲಿ ತಾನೇ. ಆದರೆ 2017ರ ಕಾನೂನಿನ ಪ್ರಕಾರ ರದ್ದಾದ ನೋಟು ಹತ್ತಕ್ಕಿಂತ ಹೆಚ್ಚು ಇಟ್ಟುಕೊಂಡರೆ ದಂಡ. ಸುಮ್ನೆ ಯಾಕೆ ಅಂತ ಹಳೆಯ ನೂರರ ನೋಟುಗಳಲ್ಲೇ ಮುಗಿಸಿದೆವು.

ಸೆನ್ಸಾರ್‌ನಲ್ಲಿ ಯುಎ 13+ ಸಿಕ್ಕಿತು, ಅಂದರೆ 13ಕ್ಕಿಂತ ಚಿಕ್ಕವರು ಅಪ್ಪ ಅಮ್ಮನ ಮಾರ್ಗದರ್ಶನದಲ್ಲಿ ನೋಡಬಹುದು. ಬನಶಂಕರಿಯ ಸುಚಿತ್ರಾ ಫಿಲ್ಮ್ ಸೊಸೈಟಿಯಂಥ ಕಡೆ ಸಿನಿಮಾ ನೋಡಿ ಬೆಳೆದವನು ನಾನು, ಅಂಥ ಪ್ರೇಕ್ಷಕರು ಒಪ್ಪುತ್ತಾರೆ ಅನ್ನುವ ಧೈರ್ಯವಿತ್ತು. ಭಯ ಇದ್ದದ್ದು ಅಕ್ಕ ಏನನ್ನುತ್ತಾರೋ ಅಂತ. ಕರಾರಿನ ಪ್ರಕಾರ ಸೆನ್ಸಾರ್‌ಗೂ ಮುಂಚೆ, ಎಡಿಟಿಂಗ್ ನಡೆಯುತ್ತಿದ್ದಾಗಲೇ ಲ್ಯಾಪ್‌ಟಾಪ್ ತೆಗೆದುಕೊಂಡು ಅವರ ಮನೆಗೆ ಹೋಗಿದ್ದೆ. ಪೂರ್ತಿ ನೋಡಿದರು. "ಆ ಹುಡುಗಿ ಕಾಲರ್ ಉಲ್ಟಾ ಇಟ್ಟಿದ್ದಾಳೆ" ಅಂದರು. ಬೇರೇನೂ ಹೇಳಲಿಲ್ಲ. ಆ ಶಾಟ್ ಮತ್ತೆ ತೆಗೆದೆವು, ಇನ್ನೊಂದು ಭಾನುವಾರ.

ಮಲ್ಟಿಪ್ಲೆಕ್ಸ್‌ನಲ್ಲಿ ನಮಗೆ ಕೊಟ್ಟದ್ದು ಬೆಳಗ್ಗೆ ಹತ್ತೂವರೆಯ ಒಂದು ಶೋ. ಆ ಹೊತ್ತಿಗೆ ಈ ಸಿನಿಮಾ ಯಾರದೋ ಅವರೆಲ್ಲ ಮಷಿನ್ ಮುಂದೆ ಇರುತ್ತಾರೆ. ಭಾನುವಾರ ಅಕ್ಕ ತಮ್ಮ ಲೈನಿನ 11 ಜನರನ್ನು ಕರೆದುಕೊಂಡು ಬಂದರು. ಪಾಸ್ ಕೊಡುತ್ತೇನೆ ಅಂದರೂ ಕೇಳದೆ ಟಿಕೆಟ್ ತೆಗೆದುಕೊಂಡರು. ಇಂಟರ್‌ವಲ್‌ನಲ್ಲಿ ಪಾಪ್‌ಕಾರ್ನ್ ರೇಟ್ ನೋಡಿ ನಕ್ಕರು, ಬ್ಯಾಗಿನಿಂದ ಚಕ್ಕುಲಿ ತೆಗೆದರು. ಐದನೇ ದಿನಕ್ಕೆ ಶೋ ಎತ್ತಿದರು.

ಆಮೇಲೆ ಅಕ್ಕನೇ ಫೋನ್ ಮಾಡಿದ್ದು. "ಪೀಣ್ಯದ ಕಡೆಯವರು ನೋಡಿಲ್ವಂತೆ ಕಣಪ್ಪ. ಸಂಘದ ಹಾಲ್ ಇದೆ, ಕಿಟಕಿಗೆ ಕಟ್ಟೋಕೆ ಬೆಡ್‌ಶೀಟ್ ನಾವು ತರ್ತೀವಿ. ಆ ಮಷಿನ್ ನೀನು ತಗೊಂಡು ಬಾ." ಪ್ರೊಜೆಕ್ಟರ್ ಬಾಡಿಗೆ ದಿನಕ್ಕೆ 1,500. ಬರುವ ಭಾನುವಾರ ಸಂಜೆ ಐದಕ್ಕೆ ಶೋ.