ಸೈಡ್‌ಲೈನಿನಲ್ಲಿ ನಿಲ್ಲುವ ಅಪ್ಪ ಅಮ್ಮಂದಿರಿಗೆ

ಆಗಸ್ಟ್‌ನಲ್ಲಿ ಅಮೆರಿಕಕ್ಕೆ ಹೊರಡುವ ಸಂಸಾರಗಳು ಮೈಸೂರು, ಮಂಡ್ಯದಲ್ಲಿ ಪ್ರತಿ ವರ್ಷ ಇದ್ದೇ ಇರುತ್ತವೆ. ನಾವು ರಜೆಗೆ ಊರಿಗೆ ಬಂದಾಗ ಅವರು ಕೇಳುವುದು ಸ್ಕೂಲು, ಬಾಡಿಗೆ, ಕಾರು, ಸೋನಾ ಮಸೂರಿ ಸಿಗುತ್ತಾ ಇಲ್ವಾ, ಇಷ್ಟೇ. ಮಕ್ಕಳ ಆಟದ ಬಗ್ಗೆ ಯಾರೂ ಕೇಳಲ್ಲ. ಆದರೆ ಸೆಪ್ಟೆಂಬರ್ ಬಂತು ಅಂದರೆ ನಿಮ್ಮ ಶನಿವಾರದ ಬೆಳಿಗ್ಗೆ ಹೋಗುವುದೇ ಸಾಕರ್ ಮೈದಾನಕ್ಕೆ. (ನಾವು ಫುಟ್‌ಬಾಲ್ ಅನ್ನುವುದಕ್ಕೆ ಅಲ್ಲಿ ಸಾಕರ್ ಅಂತಾರೆ.) ಅಕ್ಕಪಕ್ಕದ ಮನೆಯವರ ಪರಿಚಯ ಆಗುವುದೂ ಹೆಚ್ಚಾಗಿ ಅಲ್ಲೇ. ನಿಮ್ಮ ಮಗು ಎಷ್ಟು ಗೋಲು ಹೊಡೆಯಿತು ಅನ್ನುವುದನ್ನು ಅವರು ಮಾರನೇ ವಾರ ಮರೆತಿರುತ್ತಾರೆ. ನೀವು ಏನು ಕೂಗಿದಿರಿ ಅನ್ನುವುದನ್ನು ಮರೆಯಲ್ಲ.

ನಮ್ಮೂರಲ್ಲಿ ಮಕ್ಕಳ ಆಟಕ್ಕೆ ದೊಡ್ಡವರು ತಲೆ ಹಾಕುವುದೇ ಕಮ್ಮಿ. ರಸ್ತೆ ಕ್ರಿಕೆಟ್‌ನಲ್ಲಿ ಔಟೋ ನಾಟೌಟೋ ಅಂತ ಹುಡುಗರೇ ಕಿತ್ತಾಡಿ ತೀರ್ಮಾನ ಮಾಡಿಕೊಳ್ಳುತ್ತಾರೆ. ಕೋಚಿಂಗ್‌ಗೆ ಸೇರಿಸಿದರೂ ಚಾಮುಂಡಿ ವಿಹಾರ ಕ್ರೀಡಾಂಗಣದ ಗೇಟಿನ ಹತ್ತಿರ ಬಿಟ್ಟು ಬರುತ್ತೇವೆ. ದೊಡ್ಡವರು ಗುಂಪು ಸೇರಿ ಕೂಗುವುದು ದಸರಾ ಕುಸ್ತಿಗೆ, ಹಳ್ಳಿ ಕಡೆ ಕಬಡ್ಡಿ ಪಂದ್ಯಕ್ಕೆ. ಅಲ್ಲಿ ಕೂಗದಿದ್ದರೆ ಮಜಾನೇ ಇಲ್ಲ ಬಿಡಿ. ಅದೇ ಗಂಟಲು ತಗೊಂಡು ಎಂಟು ವರ್ಷದವರ ಸಾಕರ್‌ಗೆ ಹೋಗಿ ನಿಂತರೆ ಮಾತ್ರ ಇಡೀ ಮೈದಾನ ತಿರುಗಿ ನೋಡುತ್ತೆ.

ಲೀಗಿಗೆ, ಅಂದರೆ ಮಕ್ಕಳ ಪಂದ್ಯಗಳನ್ನು ನಡೆಸುವ ಸಂಸ್ಥೆಗೆ, ಹೆಸರು ಬರೆಸುವಾಗ ನಡವಳಿಕೆ ನಿಯಮಗಳು ಅಂತ ಒಂದು ಪುಟ ಬರುತ್ತೆ. ಮಕ್ಕಳಿಗೆ ಬೇರೆ, ಅಪ್ಪ ಅಮ್ಮನಿಗೆ ಬೇರೆ. ಓದದೆ ಟಿಕ್ ಹಾಕಬೇಡಿ. ರೆಫರಿಗೆ ಬೈಯುವಂತಿಲ್ಲ, ಎದುರು ತಂಡದ ಮಕ್ಕಳನ್ನು ಆಡಿಕೊಳ್ಳುವಂತಿಲ್ಲ, ಮೈದಾನದ ಒಳಗೆ ಕಾಲಿಡುವಂತಿಲ್ಲ, ಗೋಲಿನ ಹಿಂದೆ ನಿಲ್ಲುವಂತಿಲ್ಲ. ಮೀರಿದರೆ ಹೊರಗೆ ಕಳಿಸುತ್ತಾರೆ. ಮುಂದಿನ ಪಂದ್ಯಗಳಿಗೂ ಬರಬೇಡಿ ಅನ್ನಬಹುದು. ಸುಮ್ನೆ ಬರೆದಿಟ್ಟ ಮಾತಲ್ಲ ಅದು.

ಕೂಗುವ ವಿಷಯಕ್ಕೆ ಬರೋಣ. ಚಪ್ಪಾಳೆ ಎಷ್ಟು ಬೇಕಾದರೂ ತಟ್ಟಿ. ಎರಡೂ ತಂಡಕ್ಕೆ ತಟ್ಟಿದರೆ ಇನ್ನೂ ಒಳ್ಳೆಯದು. ಹೆಸರು ಹಿಡಿದು ಭೇಷ್ ಅನ್ನಿ. ಆದರೆ ‘ಎಡಕ್ಕೆ ಹೋಗು’, ‘ಒದಿಯೋ’, ‘ಅವನ್ನ ಬಿಡಬೇಡ’ ಅಂತ ಆಟ ಹೇಳಿಕೊಡುವುದು ಕೋಚ್ ಕೆಲಸ. ಕೋಚ್ ಪಾಸ್ ಮಾಡು ಅಂತಾರೆ, ಅಪ್ಪ ಗೋಲಿಗೆ ಹೊಡಿ ಅಂತಾರೆ, ಮಗು ಚೆಂಡು ಕಾಲಡಿ ಇಟ್ಟುಕೊಂಡು ಅಪ್ಪನ ಮುಖ ನೋಡುತ್ತಾ ನಿಲ್ಲುತ್ತೆ. ಅಷ್ಟರಲ್ಲಿ ಚೆಂಡು ಇನ್ನೊಬ್ಬರ ಪಾಲು. ನಾವು ಕನ್ನಡದಲ್ಲಿ ತಾನೇ ಹೇಳುತ್ತಿರುವುದು, ಯಾರಿಗೆ ಗೊತ್ತಾಗುತ್ತೆ ಅನ್ನುವವರಿದ್ದಾರೆ. ‘ಓಡ್ಲಾ, ಏನ್ಲಾ ನಿಂತಿದ್ದೀಯ!’ ಅನ್ನುವುದರ ಅರ್ಥ ಯಾರಿಗೂ ಗೊತ್ತಾಗಲ್ಲ, ನಿಜ. ಆ ದನಿ ಎಲ್ಲರಿಗೂ ಗೊತ್ತಾಗುತ್ತೆ. ಕೆಲವು ಲೀಗ್‌ಗಳಲ್ಲಿ ವರ್ಷಕ್ಕೆ ಒಂದೆರಡು ವಾರ ಮೌನ ಶನಿವಾರವನ್ನೇ ಇಟ್ಟಿರುತ್ತಾರೆ. ಅವತ್ತು ಅಪ್ಪ ಅಮ್ಮ ಒಂದು ಮಾತೂ ಆಡುವಂತಿಲ್ಲ. ಆ ದಿನ ಮಕ್ಕಳು ತಮ್ಮತಮ್ಮಲ್ಲೇ ಜಾಸ್ತಿ ಮಾತಾಡಿಕೊಂಡು ಆಡುತ್ತಾರೆ. ನೋಡಿಯೇ ನಂಬಬೇಕು.

ರೆಫರಿ ವಿಷಯ ಇನ್ನೂ ಮುಖ್ಯ. ಅಮೆರಿಕದಲ್ಲಿ 13 ವರ್ಷಕ್ಕೇ ಸಾಕರ್ ರೆಫರಿಯಾಗಲು ತರಬೇತಿ ಪಡೆಯಬಹುದು. ಹಾಗಾಗಿ ಚಿಕ್ಕ ಮಕ್ಕಳ ಆಟಕ್ಕೆ ಸೀಟಿ ಊದುವುದು ಎಷ್ಟೋ ಸಲ ಹೈಸ್ಕೂಲು ಹುಡುಗಿ, ಪಾಕೆಟ್ ಮನಿಗೆ ಬಂದಿರುತ್ತಾಳೆ. ನಿಮ್ಮ ಬೀದಿಯವಳೇ ಇರಬಹುದು. ಅವಳ ಮೇಲೆ ನಲವತ್ತು ವರ್ಷದ ಗಂಡಸು ಕೂಗಾಡುವುದು ಹೇಗೆ ಕಾಣುತ್ತೆ, ಯೋಚಿಸಿ. ಬೈಗುಳ ತಿಂದು ಈ ಕೆಲಸ ಬಿಟ್ಟು ಹೋಗುವ ಮಕ್ಕಳು ಬೇಕಾದಷ್ಟಿದ್ದಾರೆ. ರೆಫರಿ ಇಲ್ಲದೆ ಪಂದ್ಯ ನಿಂತರೆ ನಷ್ಟ ನಮ್ಮ ಮಕ್ಕಳಿಗೇ. ಹಳದಿ, ಕೆಂಪು ಕಾರ್ಡು ತೋರಿಸುವುದು ಆಟಗಾರರಿಗೆ ಮತ್ತು ಕೋಚ್‌ಗಳಿಗೆ. ನಿಮ್ಮ ಕಾಟ ಜಾಸ್ತಿ ಆದರೆ ರೆಫರಿ ಆಟ ನಿಲ್ಲಿಸಿ ಕೋಚ್‌ಗೆ ಹೇಳುತ್ತಾಳೆ. ಕೋಚ್ ಬಂದು ನಿಮ್ಮನ್ನು ಪಾರ್ಕಿಂಗ್ ಕಡೆ ಕಳಿಸುತ್ತಾರೆ. ಮಗು ಇದನ್ನೆಲ್ಲ ನೋಡುತ್ತಾ ನಿಂತಿರುತ್ತೆ.

ಇದನ್ನು ಊರಿಂದ ಬಂದ ತಾತನಿಗೂ ಮೊದಲೇ ಹೇಳಿಡಿ. ನನ್ನ ಅನುಭವದಲ್ಲಿ ಅಪ್ಪಂದಿರಿಗಿಂತ ತಾತಂದಿರದೇ ದೊಡ್ಡ ಗಂಟಲು. ಕ್ರಿಕೆಟ್ ಬಲ್ಲವರಾದರೆ ನಮ್ಮ ಮೈಸೂರಿನ ಜಾವಗಲ್ ಶ್ರೀನಾಥ್ ಉದಾಹರಣೆ ಕೊಡಿ. ಟೆಸ್ಟ್‌ನಲ್ಲಿ 236 ವಿಕೆಟ್ ತೆಗೆದವರು, 2006ರಿಂದ ಐಸಿಸಿ ಮ್ಯಾಚ್ ರೆಫರಿ. ಔಟ್ ಕೊಡುವುದು ಅವರ ಕೆಲಸವಲ್ಲ, ಅದು ಅಂಪೈರ್‌ಗಳದ್ದು. ಆ ತೀರ್ಪಿಗೆ ರೇಗಾಡಿದವರಿಗೆ ದಂಡ ಹಾಕುವುದು ಮ್ಯಾಚ್ ರೆಫರಿ ಕೆಲಸ. ತಾತನಿಗೆ ತಕ್ಷಣ ಅರ್ಥವಾಗುತ್ತೆ.

ಜಗಳ ಅರ್ಧಕ್ಕರ್ಧ ಬರುವುದು ನಿಯಮ ಗೊತ್ತಿಲ್ಲದೆ. ಆರೇಳು ವರ್ಷದವರಿಗೆ ನಾಲ್ಕು ನಾಲ್ಕು ಜನರ ಆಟ, ಗೋಲ್‌ಕೀಪರೇ ಇರಲ್ಲ. ಒಂಬತ್ತು, ಹತ್ತಕ್ಕೆ ಬಂದರೆ ಏಳು ಏಳು ಜನ. ಹತ್ತು ವರ್ಷದವರೆಗಿನ ಮಕ್ಕಳು ತಲೆಯಿಂದ ಚೆಂಡು ಹೊಡೆಯುವಂತಿಲ್ಲ. ತಲೆಗೆ ಪೆಟ್ಟು ಬೀಳಬಾರದು ಅಂತ ಈ ನಿಯಮ. ಇನ್ನು ‘ಚೆನ್ನಾಗಿ ಆಡುತ್ತಿದ್ದವನನ್ನು ಯಾಕೆ ಹೊರಗೆ ಕೂರಿಸಿದರು’ ಅನ್ನುವ ಪ್ರಶ್ನೆ. 1964ರಲ್ಲಿ ಕ್ಯಾಲಿಫೋರ್ನಿಯಾದಲ್ಲಿ ಶುರುವಾದ ಎವೈಎಸ್‌ಒ ಅನ್ನುವ ದೊಡ್ಡ ಸಾಕರ್ ಸಂಸ್ಥೆಯಲ್ಲಿ ಪ್ರತಿ ಮಗುವೂ ಪಂದ್ಯದ ಅರ್ಧದಷ್ಟಾದರೂ ಆಡಲೇಬೇಕು. ಆಯ್ಕೆಯಿಲ್ಲದೆ ಎಲ್ಲರನ್ನೂ ಸೇರಿಸಿಕೊಳ್ಳುವ ಬೇರೆ ರೆಕ್ರಿಯೇಷನಲ್ ಲೀಗ್‌ಗಳಲ್ಲೂ ಹೆಚ್ಚುಕಮ್ಮಿ ಇದೇ ಪದ್ಧತಿ. ನಿಮ್ಮ ಮಗ ಹೊರಗೆ ಕೂತರೆ ಇನ್ನೊಬ್ಬರ ಮಗಳು ಒಳಗೆ ಹೋದಳು ಅಂತ ಅರ್ಥ. ಆಯ್ಕೆ ನಡೆಸಿ ತಗೊಳ್ಳುವ ಟ್ರಾವೆಲ್ ಟೀಮ್‌ಗಳ ಲೆಕ್ಕ ಬೇರೆ, ಖರ್ಚೂ ಬೇರೆ. ಮೊದಲ ವರ್ಷವೇ ಅದಕ್ಕೆ ಬೀಳಬೇಡಿ.

ನಮ್ಮವರಿಗೇ ಬರುವ ಒಂದು ತಾಪತ್ರಯ ಇದೆ. ಸಾಕರ್‌ನಲ್ಲಿ ಒಡವೆ ಹಾಕಿಕೊಂಡು ಆಡುವಂತಿಲ್ಲ. ಕಿವಿಯೋಲೆ, ಬಳೆ, ಸರ, ಕೈಗೆ ಕಟ್ಟಿದ ಕಾಶಿದಾರ ಎಲ್ಲ ಬಿಚ್ಚಬೇಕು. ಟೇಪ್ ಸುತ್ತಿದರೂ ಒಪ್ಪಲ್ಲ. ‘ದೇವರ ದಾರ, ಬಿಚ್ಚಬಾರದು’ ಅಂತ ಪಂದ್ಯ ಶುರುವಾಗುವ ಹೊತ್ತಿಗೆ ರೆಫರಿ ಜೊತೆ ವಾದಕ್ಕೆ ನಿಲ್ಲಬೇಡಿ. ಮಗುವಿಗೆ ಹೊಸದಾಗಿ ಕಿವಿ ಚುಚ್ಚಿಸುವುದಿದ್ದರೆ ಸೀಸನ್ ಮುಗಿದ ಮೇಲೆ ಚುಚ್ಚಿಸಿ.

ಯಾರಿಗಾದರೂ ಪೆಟ್ಟಾದರೆ ಉಳಿದ ಮಕ್ಕಳೆಲ್ಲ ಒಂದು ಮಂಡಿಯೂರಿ ಕೂರುತ್ತಾರೆ. ಬಿದ್ದದ್ದು ನಿಮ್ಮ ಮಗುವೇ ಆದರೂ ರೆಫರಿ ಕರೆಯುವ ತನಕ ಒಳಗೆ ಓಡಬೇಡಿ. ಕಷ್ಟ, ಗೊತ್ತು. ಮಗು ಎದ್ದಾಗ ಎರಡೂ ಕಡೆಯವರು ಚಪ್ಪಾಳೆ ತಟ್ಟುತ್ತಾರೆ, ನೀವೂ ತಟ್ಟಿ. ತಲೆಗೆ ಪೆಟ್ಟಾಗಿರಬಹುದು ಅನ್ನಿಸಿದರೆ ಅವತ್ತು ಮತ್ತೆ ಆಡಿಸಲ್ಲ. ‘ಏನೂ ಆಗಿಲ್ಲ ಸಾರ್, ಆಡ್ತಾನೆ’ ಅಂತ ನೀವು ಮುಂದೆ ಬೀಳಬೇಡಿ. ನಮ್ಮ ತಂಡ ಐದಾರು ಗೋಲು ಮುಂದಿದ್ದರೆ ಕೋಚ್ ಬೇಕೆಂದೇ ಗೋಲು ಹೊಡೆಯುವುದನ್ನು ನಿಲ್ಲಿಸಿ ಪಾಸ್ ಆಡಿಸುತ್ತಾರೆ. ಆಗ ‘ಇನ್ನೊಂದು, ಇನ್ನೊಂದು’ ಅನ್ನುವುದು ಕೆಟ್ಟದಾಗಿ ಕಾಣುತ್ತೆ. ಪಂದ್ಯ ಮುಗಿದ ಮೇಲೆ ಸಾಲಾಗಿ ಹೋಗಿ ಎದುರು ತಂಡದವರ ಕೈ ತಟ್ಟುವುದು ಕಡ್ಡಾಯ. ಸೋತು ಅಳುತ್ತಿರುವ ಮಗುವೂ ಹೋಗಬೇಕು.

ತಿಂಡಿ ತರುವ ಸರದಿ ನಿಮಗೂ ಬರುತ್ತೆ. ಊರಿಂದ ತಂದ ಕಡಲೆಕಾಯಿ ಮಿಠಾಯಿ ಎಷ್ಟೇ ಚೆನ್ನಾಗಿದ್ದರೂ ಬೇಡ. ಕಡಲೆಕಾಯಿ ಅಲರ್ಜಿ ಇರುವ ಮಗುವಿಗೆ ಅದು ಪ್ರಾಣಕ್ಕೇ ಬರಬಹುದು. ಹೆಚ್ಚಿದ ಕಿತ್ತಳೆ, ನೀರು ಸಾಕು. ಡಬ್ಬಿಯ ತಿಂಡಿಯಾದರೆ ಅದರ ಮೇಲೆ ಏನೇನಿದೆ ಅಂತ ಬರೆದಿರಬೇಕು.

ಕೋಚ್ ಮೇಲೆ ಸಿಟ್ಟು ಬಂದರೆ ಮೈದಾನದಲ್ಲಿ ಹೇಳಬೇಡಿ. 24 ಗಂಟೆ ಬಿಟ್ಟು ಮಾತಾಡಿ ಅನ್ನುವುದು ಎಷ್ಟೋ ಲೀಗ್‌ಗಳ ನಿಯಮ. ಹೆಚ್ಚಿನ ಕೋಚ್‌ಗಳು ಸಂಬಳವಿಲ್ಲದೆ ಬರುವ ಯಾರದೋ ಅಪ್ಪ ಅಮ್ಮ. ಮನೆಗೆ ಹೋಗುವಾಗ ಕಾರಿನಲ್ಲಿ ಪಂದ್ಯದ ಪೋಸ್ಟ್‌ಮಾರ್ಟಂ ಬೇಡ. ‘ಆ ಹುಡುಗನ್ನ ನೋಡಿ ಕಲಿ’ ಅನ್ನುವುದಂತೂ ಬೇಡವೇ ಬೇಡ. ಹಸಿವಾಗಿದೆಯಾ ಅಂತ ಕೇಳಿ. ಮಗುವೇ ಮಾತು ತೆಗೆದರೆ ಕೇಳಿಸಿಕೊಳ್ಳಿ.

ಇಷ್ಟೆಲ್ಲ ಹೇಳಿದೆ ಅಂತ ಎಲ್ಲದಕ್ಕೂ ತಲೆ ಬಗ್ಗಿಸಿಕೊಂಡಿರಿ ಅಂತಲ್ಲ. ನಿಮ್ಮ ಮಗುವಿನ ಬಣ್ಣ, ಹೆಸರು, ಊಟದ ಬಗ್ಗೆ ಯಾರಾದರೂ ಆಡಿಕೊಂಡರೆ ಸುಮ್ಮನಿರಬೇಡಿ. ಕೂಗಾಡಲೂ ಬೇಡಿ. ಆಗಲೇ ಕೋಚ್‌ಗೆ ತಿಳಿಸಿ. ಅವತ್ತೇ ಯಾರು, ಯಾವಾಗ, ಏನು ಅಂದರು, ಯಾರು ಕೇಳಿಸಿಕೊಂಡರು ಅಂತ ಲೀಗಿಗೆ ಇಮೇಲ್ ಬರೆಯಿರಿ. 24 ಗಂಟೆ ಲೆಕ್ಕ ಇದಕ್ಕಿಲ್ಲ. ನೀವು ಸಹಿ ಹಾಕಿದ ನಿಯಮಗಳಿಗೇ ಅವರೂ ಸಹಿ ಹಾಕಿರುತ್ತಾರೆ.

ಕೊನೆಗೆ ಪ್ರಾಕ್ಟೀಸ್. ಸತ್ಯನಾರಾಯಣ ಪೂಜೆ, ಕನ್ನಡ ಸಂಘದ ದಸರಾ, ಯಾರದೋ ಗೃಹಪ್ರವೇಶ, ಎಲ್ಲ ವಾರಾಂತ್ಯಕ್ಕೇ ಬರುತ್ತವೆ. ಹೋಗಿ, ಆದರೆ ಕೋಚ್‌ಗೆ ಎರಡು ಮೂರು ದಿನ ಮುಂಚೆ ಮೆಸೇಜ್ ಹಾಕಿ. ಪಂದ್ಯದ ದಿನ ಅರ್ಧ ಗಂಟೆ ಮೊದಲು ಬನ್ನಿ ಅಂದರೆ ಅರ್ಧ ಗಂಟೆ ಮೊದಲೇ. ಇಂಗ್ಲಿಷ್ ಮಾತಾಡಲು ಹಿಂಜರಿಕೆ ಇದ್ದರೂ ಗೋಲಿನ ಬಲೆ ಕಟ್ಟಲು, ಕೋನ್ ಜೋಡಿಸಲು ಕೈ ಹಾಕಿ. ಮುಂದೆ ಕೋಚ್‌ಗೆ ಸಹಾಯಕರಾಗಿ ನಿಲ್ಲುವ ಮನಸ್ಸಿದ್ದರೆ ಹಿನ್ನೆಲೆ ತಪಾಸಣೆ (ನಿಮ್ಮ ಮೇಲೆ ಹಳೆಯ ಅಪರಾಧದ ದಾಖಲೆ ಇದೆಯಾ ಅಂತ ನೋಡುವುದು) ಆಗಬೇಕು. ಅದಕ್ಕೆ ಸಮಯ ಹಿಡಿಯುತ್ತೆ, ಹೆಸರು ಬರೆಸುವಾಗಲೇ ಅರ್ಜಿ ಹಾಕಿಬಿಡಿ.