ಪಾಯಕ್ಕೆ ಮುನ್ನ ಪರೀಕ್ಷಾ ಗುಂಡಿ: ಹಳೆಯ ಬಿದನೂರಿನಲ್ಲಿ ನನ್ನ ಅನುಭವ

ಹೊಸನಗರ ತಾಲ್ಲೂಕಿನ ನಗರದಲ್ಲಿ, ಅಂದರೆ ಹಳೆಯ ಬಿದನೂರಿನಲ್ಲಿ, ಮಳಿಗೆ ಸಹಿತ ಮನೆಯೊಂದರ ಪಾಯ ತೆಗೆಯುವ ಮುನ್ನ ಕಾಲಂ ಬರುವ ಜಾಗಗಳಲ್ಲೇ ಒಂದು ಮೀಟರ್ ಚೌಕದ ಗುಂಡಿ ತೆಗೆದು ಹಳೆಯ ಊರಿನ ಮಣ್ಣಿನ ಪದರಗಳನ್ನು ನೋಡೋಣವೆಂದಾಗ ನಮ್ಮ ಪುರಾತತ್ವ ವೃತ್ತಿಯವರೇ ಒಪ್ಪಲಿಲ್ಲ. ಮಲೆನಾಡಿನ ಮಳೆಗೆ ಪದರಗಳು ಕಲಸಿಹೋಗಿರುತ್ತವೆ, ಅಷ್ಟು ಕಿರಿದಾದ ಗುಂಡಿಯಲ್ಲಿ ಏನನ್ನೂ ಓದಲಾಗದು ಎಂಬುದು ಅವರ ವಾದವಾಗಿತ್ತು. ರಕ್ಷಿತ ಸ್ಮಾರಕದ ಸುತ್ತಲಿನ 100 ಮೀಟರ್ ನಿಷೇಧಿತ ವಲಯಕ್ಕೂ ಅದರಾಚೆಯ 200 ಮೀಟರ್ ನಿಯಂತ್ರಿತ ವಲಯಕ್ಕೂ ನಿವೇಶನ ಹೊರಗಿದ್ದುದರಿಂದ ಮಾಲೀಕರಿಗೆ ಅನುಮತಿ ಪಡೆಯುವ ಕಟ್ಟುಪಾಡೂ ಇರಲಿಲ್ಲ. ಆದರೂ ಪುರಾತತ್ವ ಇಲಾಖೆಗೆ ಬರೆದು ಒಪ್ಪಿಗೆ ಬಂದ ಮೇಲೆಯೇ ಗುದ್ದಲಿ ಹಾಕಿದೆವು.

ಮೊದಲು ಬೆಂಗಳೂರಿನಿಂದ ಜಿಪಿಆರ್ ಯಂತ್ರ, ಅಂದರೆ ನೆಲದೊಳಗೆ ರೇಡಿಯೋ ಅಲೆ ಕಳಿಸಿ ಹೂತಿರುವುದನ್ನು ಪತ್ತೆಮಾಡುವ ಯಂತ್ರ, ತರಿಸಿದ್ದೆವು. ಬಾಡಿಗೆ, ಸಾಗಣೆ, ಆಪರೇಟರ್ ಖರ್ಚು ಸೇರಿ ಅರವತ್ತು ಸಾವಿರದಷ್ಟು ಹೋಯಿತು. ಒದ್ದೆ ಜೇಡಿಯಲ್ಲಿ ಅಲೆಗಳು ಒಂದೆರಡು ಅಡಿಗೇ ಇಂಗಿಹೋದವು. ಗುಂಡಿಗಳ ಒಟ್ಟು ಖರ್ಚು ಅದಕ್ಕಿಂತ ಕಡಿಮೆಯೇ ಆಯಿತು, ಏಕೆಂದರೆ ಎಂಜಿನಿಯರ್ ಹೇಗೂ ಮಣ್ಣು ಪರೀಕ್ಷೆ ಮಾಡಿಸಬೇಕಿದ್ದುದರಿಂದ ಕೂಲಿಯನ್ನು ಇಬ್ಬರೂ ಹಂಚಿಕೊಂಡೆವು. ಅಡಿಕೆ ಕೊಯ್ಲು ಮುಗಿದ ಮೇಲೆ ಕೆಲಸ ಹಿಡಿದಿದ್ದರಿಂದ ಆಳುಗಳಿಗೂ ಕೊರತೆಯಾಗಲಿಲ್ಲ. ಗುಂಡಿಗಳ ಮೇಲೆ ಸೋಗೆಯ ಚಪ್ಪರ ಹಾಕಿಸಿದ್ದೆ. ನಡುವೆ ಬಂದ ಅಕಾಲ ಮಳೆಗೆ ಅದೇ ಕಾಪಾಡಿತು.

ಪದರಗಳು ಕಲಸಿರಲಿಲ್ಲ. ಮೇಲಿನ ಎರಡಡಿಯಲ್ಲಿ ಮಂಗಳೂರು ಹಂಚಿನ ಚೂರುಗಳಿದ್ದವು. ಬಾಸೆಲ್ ಮಿಷನ್ನಿನವರು ಮಂಗಳೂರಿನಲ್ಲಿ ಹಂಚಿನ ಕಾರ್ಖಾನೆ ತೆರೆದದ್ದು 1865ರಲ್ಲಿ. ಆದ್ದರಿಂದ ಆ ಚೂರು ಸಿಕ್ಕ ಮಣ್ಣು ಅದಕ್ಕಿಂತ ಈಚಿನದು ಎಂಬುದರಲ್ಲಿ ಸಂಶಯವಿಲ್ಲ. ಅದರ ಕೆಳಗೆ ಒಂದು ಗೇಣಿನಷ್ಟು ದಪ್ಪಕ್ಕೆ ಬರೀ ನಾಡಹಂಚು, ನಡುವೆ ನೀಲಿ ಗೆರೆಯ ಪಿಂಗಾಣಿಯ ಒಂದೆರಡು ಚೂರು, ಅದರಡಿ ತೆಳುವಾದ ಇದ್ದಿಲಿನ ಪದರ. ಇಕ್ಕೇರಿಯ ನಂತರ ಕೆಳದಿ ಅರಸರ ರಾಜಧಾನಿಯಾಗಿ 1763ರಲ್ಲಿ ಹೈದರಾಲಿಯ ವಶವಾದ ಊರಿನಲ್ಲಿ ಇದ್ದಿಲು ಕಂಡರೆ ಆ ವರ್ಷವನ್ನೇ ಬರೆದುಬಿಡಲು ಕೈ ತವಕಿಸುತ್ತದೆ. ನಾನು ಬರೆಯಲಿಲ್ಲ, ಒಂದು ಅಡುಗೆಮನೆ ಸುಟ್ಟರೂ ಅಷ್ಟೇ ಇದ್ದಿಲು ಉಳಿಯುತ್ತದೆ. ಗುಂಡಿಯ ಗೋಡೆಯಲ್ಲಿ ಪದರಗಳ ಬಣ್ಣಗಳು ಬಿಡಿಬಿಡಿಯಾಗಿ ಕಾಣಲು ಹೊಸ ಔಷಧಿ ಪಂಪಿನಿಂದ ಸಂಜೆ ಹೊತ್ತು ನೀರು ಸಿಂಪಡಿಸುತ್ತೇನೆ.

ಹಿಂಬದಿಯ ಮೂಲೆಯ ಗುಂಡಿಯಲ್ಲಿ ಮಾತ್ರ ಕನ್ನೆಮಣ್ಣು, ಅಂದರೆ ಮನುಷ್ಯರ ಕೈ ತಾಗದ ಮೂಲ ಮಣ್ಣು, ಸಿಗಲೇ ಇಲ್ಲ. ನಾಲ್ಕಡಿ ಇಳಿದರೂ ಮಂಗಳೂರು ಹಂಚೇ ಬರುತ್ತಿತ್ತು, ಮಣ್ಣು ಸಡಿಲವಾಗಿತ್ತು, ಒಂದು ಬದಿಯಲ್ಲಿ ಬಾಗಿ ಸಾಗಿದ ಜಂಬಿಟ್ಟಿಗೆಯ ಸಾಲು ಕಂಡಿತು. ಅದು ಮುಚ್ಚಿಹೋದ ಬಾವಿ. ಎಂಜಿನಿಯರ್ ಕೊರೆಸಿದ್ದ ಎರಡು ರಂಧ್ರಗಳೂ ಮುಂಬದಿಯಲ್ಲಿದ್ದುದರಿಂದ ಅದು ಅವರ ವರದಿಯಲ್ಲಿ ಬಂದಿರಲಿಲ್ಲ. ಆ ಕಾಲಂ ಅಲ್ಲೇ ನಿಂತಿದ್ದರೆ ಕೆಲವು ಮಳೆಗಾಲಗಳಲ್ಲಿ ಕುಸಿದು ಗೋಡೆ ಸೀಳುತ್ತಿತ್ತು. ಕಾಲಂ ಸರಿಸಿ, ಬಾವಿಯ ಮೇಲೆ ಬೀಮ್ ಹಾಯಿಸಿ, ಬಾವಿಯನ್ನು ಇದ್ದ ಹಾಗೆಯೇ ಉಳಿಸಿದೆವು. ಕಬ್ಬಿಣ, ಸಿಮೆಂಟಿಗೆ ಲಕ್ಷದ ಆಸುಪಾಸು ಹೆಚ್ಚಾಯಿತು. ಮಾಲೀಕರು ಮರುಮಾತಿಲ್ಲದೆ ಕೊಟ್ಟರು.

ಇದರ ಜೊತೆಗೆ ಅಡಿಕೆ ಬೇಯಿಸುವ ಹಂಡೆಯಲ್ಲಿ ನೀರು ತುಂಬಿ ಇದ್ದಿಲಿನ ಪದರದ ಮಣ್ಣನ್ನು ಕದಡಿ, ತೇಲಿದ್ದನ್ನು ತೆಳು ಪಂಚೆಯಲ್ಲಿ ಸೋಸಿದೆ. ನಮ್ಮ ಹುಳಿಮಣ್ಣಿನಲ್ಲಿ ಮೂಳೆ ಉಳಿಯುವುದಿಲ್ಲ, ಆದರೆ ಸುಟ್ಟು ಕರಕಲಾದ ಅಕ್ಕಿಕಾಳು ಬೊಗಸೆಯಷ್ಟು ಸಿಕ್ಕಿತು, ಕೆಲವಕ್ಕೆ ಹೊಟ್ಟೂ ಅಂಟಿತ್ತು. ಮಾಡುವವರು ಒಂದನ್ನು ಗಮನಿಸಬೇಕು: ಹಂಡೆಯಲ್ಲಿ ಚೊಗರಿನ, ಅಂದರೆ ಅಡಿಕೆ ಬೇಯಿಸಿದ ಕೆಂಪು ರಸದ, ಅಂಶವಿದ್ದರೆ ಅದು ಕಾಳಿಗೆ ಹತ್ತುತ್ತದೆ, ಕಾಲಮಾಪನಕ್ಕೆ, ಅಂದರೆ ಕಾಳು ಎಷ್ಟು ಹಳೆಯದೆಂದು ಅಳೆಯಲು, ಆ ಮಾದರಿಯನ್ನು ನಂಬುವಂತಿಲ್ಲ. ಕಾಲಮಾಪನಕ್ಕೆಂದು ತೆಗೆದಿಟ್ಟ ಮಣ್ಣಿಗೆ ನಾನು ಹೊಸ ಡ್ರಮ್ಮನ್ನೇ ಬಳಸಿದೆ.

ಅದೇ ಎಂಜಿನಿಯರ್ ಈಗ ತೀರ್ಥಹಳ್ಳಿ ಕಡೆಯ ಇನ್ನೊಂದು ನಿವೇಶನಕ್ಕೆ ಕಾಲಂ ನಕ್ಷೆ ಬರೆಯುವ ಮುನ್ನವೇ ಕರೆದಿದ್ದಾರೆ. ಅಲ್ಲಿ ಎರಡಡಿಗೇ ಜಲ ಬರುವುದರಿಂದ ಗುಂಡಿಯ ಬದಲು ಕೈಯಿಂದ ತಿರುಗಿಸಿ ಮಣ್ಣು ಕೊರೆದು ತೆಗೆಯುವ ಆಗರ್‌ನಿಂದ ಆರಂಭಿಸಬೇಕಾಗಿದೆ.