ಲಾಲ್‌ಬಾಗ್‌ಗೆ ಹೊರಡುವ ಮುನ್ನ: ಮಂಗಳೂರು ಮಹಾನಗರ ಪಾಲಿಕೆಯ ಸೇವೆಗಳನ್ನು ಪಡೆಯುವ ಕ್ರಮ

ಪಾಲಿಕೆಯ ಕೆಲಸಕ್ಕೆಂದು ಲಾಲ್‌ಬಾಗ್‌ನಲ್ಲಿರುವ ಅದರ ಕಚೇರಿಗೆ ಹೊರಟವರು ಮೊದಲು ಕೇಳಿಕೊಳ್ಳಬೇಕಾದ ಪ್ರಶ್ನೆ ಒಂದೇ: ಈ ಕೆಲಸ ನಿಜವಾಗಿಯೂ ಪಾಲಿಕೆಯದೇ? ಸುರತ್ಕಲ್‌ನಿಂದ ಜಪ್ಪಿನಮೊಗರುವಿನವರೆಗೆ ಹಬ್ಬಿರುವ 60 ವಾರ್ಡುಗಳಷ್ಟೇ ಮಹಾನಗರ ಪಾಲಿಕೆಯ ವ್ಯಾಪ್ತಿ. ನೇತ್ರಾವತಿ ಸೇತುವೆ ದಾಟಿದರೆ ಉಳ್ಳಾಲಕ್ಕೆ ಬೇರೆಯೇ ನಗರಸಭೆಯಿದೆ. ಪಡಿತರ ಚೀಟಿಗೆ ಆಹಾರ ಇಲಾಖೆ, ವೃದ್ಧಾಪ್ಯ ಮತ್ತು ವಿಧವಾ ವೇತನಕ್ಕೆ ನಾಡಕಚೇರಿ, ಕರೆಂಟಿನ ದೂರಿಗೆ ಮೆಸ್ಕಾಂ, ಹೆದ್ದಾರಿಯ ಹೊಂಡಕ್ಕೆ ಹೆದ್ದಾರಿ ಪ್ರಾಧಿಕಾರ. ಇಷ್ಟನ್ನು ಮನೆಯಲ್ಲೇ ತಿಳಿದುಕೊಂಡರೆ ಅರ್ಧ ದಿನದ ಕೂಲಿ ಉಳಿಯುತ್ತದೆ. ಸುರತ್ಕಲ್ ಭಾಗದವರು ಅಲ್ಲಿನ ಉಪಕಚೇರಿಯಲ್ಲಿ ಮೊದಲು ವಿಚಾರಿಸುವುದು ಒಳ್ಳೆಯದು. ಪ್ರತಿಯೊಂದಕ್ಕೂ ಲಾಲ್‌ಬಾಗ್‌ವರೆಗೆ ಬಸ್ಸು ಹತ್ತಬೇಕಾಗಿಲ್ಲ.

ಜನನ ಮತ್ತು ಮರಣ ನೋಂದಣಿಯ ಬಗ್ಗೆ ಸ್ವಲ್ಪ ವಿವರವಾಗಿ ಹೇಳಬೇಕು, ಏಕೆಂದರೆ ಜನ ಹೆಚ್ಚು ಎಡವುವುದು ಇಲ್ಲಿಯೇ. 1969ರ ಕಾಯ್ದೆಯ ಪ್ರಕಾರ ಜನನವನ್ನಾಗಲಿ ಮರಣವನ್ನಾಗಲಿ 21 ದಿನಗಳೊಳಗೆ ನೋಂದಾಯಿಸಬೇಕು. ಆಸ್ಪತ್ರೆಯಲ್ಲಿ ಸಂಭವಿಸಿದ್ದನ್ನು ತಿಳಿಸುವ ಹೊಣೆ ಆಸ್ಪತ್ರೆಯದು, ಮನೆಯಲ್ಲಿ ಸಂಭವಿಸಿದ್ದನ್ನು ತಿಳಿಸುವ ಹೊಣೆ ಮನೆಯ ಹಿರಿಯರದು. 21 ದಿನ ಮೀರಿ 30 ದಿನಗಳೊಳಗಾದರೆ ವಿಳಂಬ ಶುಲ್ಕದಲ್ಲಿ ಮುಗಿಯುತ್ತದೆ. ಅನಂತರ ಒಂದು ವರ್ಷದವರೆಗೆ ಮೇಲಧಿಕಾರಿಯ ಲಿಖಿತ ಅನುಮತಿ ಬೇಕು. ವರ್ಷ ದಾಟಿತೆಂದರೆ ಮ್ಯಾಜಿಸ್ಟ್ರೇಟರ ಆದೇಶವಿಲ್ಲದೆ ಕೆಲಸವಾಗದು. ನೋಂದಣಿ ನಡೆಯುವುದು ಘಟನೆ ಸಂಭವಿಸಿದ ಸ್ಥಳದಲ್ಲಿಯೇ ಹೊರತು ವಾಸಸ್ಥಳದಲ್ಲಲ್ಲ ಎಂಬುದನ್ನು ಮರೆಯಬಾರದು. ನಗರದ ಕದ್ರಿಯಲ್ಲಿ ಮನೆಯಿದ್ದವರು ಪಾಲಿಕೆಯ ವ್ಯಾಪ್ತಿಯ ಹೊರಗಿನ ದೇರಳಕಟ್ಟೆಯ ಆಸ್ಪತ್ರೆಯಲ್ಲಿ ತೀರಿಕೊಂಡಿದ್ದರೆ ಅವರ ಮರಣ ಪ್ರಮಾಣಪತ್ರ ಲಾಲ್‌ಬಾಗ್‌ನಲ್ಲಿ ಸಿಗುವುದಿಲ್ಲ, ದೇರಳಕಟ್ಟೆಯ ನೋಂದಣಾಧಿಕಾರಿಯಿಂದಲೇ ಪಡೆಯಬೇಕು.

ಇನ್ನು ಹೆಸರಿನ ಸಂಗತಿ. ನಮ್ಮ ಊರಿನಲ್ಲಿ ಶಾಲೆಯ ಹೆಸರು ಒಂದಾದರೆ ಮನೆಯಲ್ಲಿ ಕರೆಯುವ ಹೆಸರು ಇನ್ನೊಂದು. ನನ್ನ ತಂದೆ ಆಧಾರ್‌ನಲ್ಲಿ ಶ್ರೀನಿವಾಸ, ಊರಿಗೆಲ್ಲ ಶೀನಣ್ಣ. ಅವರು ತೀರಿಕೊಂಡ ರಾತ್ರಿ ಆಸ್ಪತ್ರೆಯೊಂದರ ಕೌಂಟರಿನಲ್ಲಿ ಹೆಸರು ಕೇಳಿದಾಗ ಜೊತೆಗಿದ್ದ ಬಂಧುಗಳು ಅಭ್ಯಾಸದಂತೆ ‘ಶೀನ’ ಎಂದರು, ಬರೆದುಕೊಂಡವರು ಗುರುತಿನ ಚೀಟಿ ಕೇಳಲಿಲ್ಲ, ನಾವೂ ಆ ಹೊತ್ತಿನಲ್ಲಿ ಅದನ್ನು ನೋಡುವ ಸ್ಥಿತಿಯಲ್ಲಿರಲಿಲ್ಲ. ಆ ಒಂದು ಪದವನ್ನು ತಿದ್ದಿಸಲು ಅಮ್ಮನಿಗೆ ಮೂರು ತಿಂಗಳು ಹಿಡಿಯಿತು. ಬ್ಯಾಂಕಿನ ಖಾತೆ, ವಿಮೆ ಎಲ್ಲವೂ ಅಷ್ಟು ದಿನ ನಿಂತೇ ಇದ್ದವು. ಆದ್ದರಿಂದ ಎಂಥ ದುಃಖದಲ್ಲಿದ್ದರೂ ಮನೆಯವರಲ್ಲಿ ಒಬ್ಬರು ಆಧಾರ್‌ನ ಪ್ರತಿಯನ್ನು ಎದುರಿಗಿಟ್ಟುಕೊಂಡು, ಅರ್ಜಿಯಲ್ಲಿ ಬರೆದ ಒಂದೊಂದು ಅಕ್ಷರವನ್ನೂ, ಇನಿಷಿಯಲ್ ಸಹಿತ, ಸಹಿ ಹಾಕುವ ಮುಂಚೆ ಓದಿ ನೋಡಬೇಕೆಂದು ಕೈಮುಗಿದು ಕೇಳಿಕೊಳ್ಳುತ್ತೇನೆ. ಮಗುವಿನ ಜನನವನ್ನು ಹೆಸರಿಲ್ಲದೆಯೂ ನೋಂದಾಯಿಸಬಹುದು; ನಾಮಕರಣವಾದ ಮೇಲೆ 12 ತಿಂಗಳೊಳಗೆ ಶುಲ್ಕವಿಲ್ಲದೆ, ಅನಂತರ ಶುಲ್ಕ ಕೊಟ್ಟು 15 ವರ್ಷಗಳವರೆಗೆ ಹೆಸರು ಸೇರಿಸಬಹುದು. 2023ರ ಅಕ್ಟೋಬರ್ 1ರ ಬಳಿಕ ಹುಟ್ಟಿದ ಮಕ್ಕಳಿಗೆ ಶಾಲೆ, ಪಾಸ್‌ಪೋರ್ಟ್ ಮೊದಲಾದ ಕಡೆ ಹುಟ್ಟಿದ ದಿನಾಂಕಕ್ಕೆ ಆಧಾರವಾಗುವುದು ಜನನ ಪ್ರಮಾಣಪತ್ರವೇ ಆದ್ದರಿಂದ ಇದನ್ನು ಮುಂದೂಡಬಾರದು.

ಆಸ್ತಿ ತೆರಿಗೆ ಸ್ವಯಂ ಘೋಷಣೆಯ ಪದ್ಧತಿಯದು. ಏಪ್ರಿಲ್ ತಿಂಗಳಲ್ಲಿ ಪೂರ್ತಿ ಕಟ್ಟಿದರೆ ಶೇ. 5ರಷ್ಟು ರಿಯಾಯಿತಿಯಿದೆ, ಜೂನ್ ಕಳೆದರೆ ತಿಂಗಳಿಗೆ ಶೇ. 2ರಂತೆ ದಂಡ ಬೀಳುತ್ತದೆ. ಮನೆ ಕೊಂಡವರು ಖಾತೆ ಬದಲಾವಣೆಗೆ ನೋಂದಾಯಿತ ಕ್ರಯಪತ್ರ, ಋಣಭಾರ ಪತ್ರ ಮತ್ತು ಇತ್ತೀಚಿನ ತೆರಿಗೆ ರಸೀದಿಯನ್ನು ಸಿದ್ಧವಿಟ್ಟುಕೊಳ್ಳಬೇಕು. ಹಿರಿಯರಿಂದ ಬಂದ ಆಸ್ತಿಯಾದರೆ ಮರಣ ಪ್ರಮಾಣಪತ್ರದ ಜೊತೆಗೆ ವಂಶವೃಕ್ಷವೂ ಬೇಕು. ತಾಯಿಯ ಕಡೆಯಿಂದ ಆಸ್ತಿ ಬರುವ ಅಳಿಯಸಂತಾನ ಕಟ್ಟಿನ ಹಳೆಯ ಕುಟುಂಬಗಳಲ್ಲಿ ಪಾಲುದಾರರು ಮುಂಬಯಿಯಿಂದ ಗಲ್ಫ್‌ವರೆಗೆ ಚದುರಿರುವುದರಿಂದ ಒಪ್ಪಿಗೆಯ ಸಹಿಗಳನ್ನು ದೈವಾರಾಧನೆಯ ನೇಮ, ತಂಬಿಲಕ್ಕೆ ಎಲ್ಲರೂ ಕುಟುಂಬದ ಮನೆಯಲ್ಲಿ ಸೇರಿದಾಗಲೇ ಪಡೆದುಕೊಳ್ಳುವುದು ಜಾಣತನ. ಖಾತೆ ತೆರಿಗೆ ಲೆಕ್ಕದ ದಾಖಲೆಯೇ ಹೊರತು ಒಡೆತನದ ಪತ್ರವಲ್ಲ ಎಂಬುದೂ ನೆನಪಿರಲಿ.

ನಗರಕ್ಕೆ ನೀರು ಬರುವುದು ನೇತ್ರಾವತಿಯ ತುಂಬೆ ಕಿಂಡಿ ಅಣೆಕಟ್ಟಿನಿಂದ. ನದಿಯ ಒಳಹರಿವು ನಿಂತ 2019 ಮತ್ತು 2023ರ ಬೇಸಿಗೆಗಳಲ್ಲಿ ರೇಷನಿಂಗ್ ಮಾಡಬೇಕಾಗಿ ಬಂದಿತ್ತು. ಮನೆಯಲ್ಲಿ ಬಾವಿಯಿದ್ದವರು ಅದನ್ನು ಮುಚ್ಚಿಸದೆ, ಮಳೆಗಾಲದಲ್ಲಿ ಮಾಡಿನ ನೀರನ್ನು ಅದಕ್ಕೆ ಇಳಿಸುವುದೇ ಒಳ್ಳೆಯದು.

ಕಸದ ವಿಷಯದಲ್ಲಿ ನಾನು ಸ್ವಲ್ಪ ಗಟ್ಟಿಯಾಗಿಯೇ ಹೇಳುತ್ತೇನೆ. 2019ರ ಆಗಸ್ಟ್‌ನಲ್ಲಿ ಪಚ್ಚನಾಡಿಯ ಕಸದ ಗುಡ್ಡ ಮಳೆಗೆ ಜರಿದು ಮಂದಾರದ ಮನೆಗಳ ಮೇಲೆ, ಅಡಿಕೆ ತೋಟಗಳ ಮೇಲೆ ಹರಿಯಿತು. ಆ ಗುಡ್ಡ ಬೆಳೆದದ್ದು ನಮ್ಮ ನಮ್ಮ ಅಡುಗೆಮನೆಯಿಂದ. ಹಸಿ ಕಸ, ಒಣ ಕಸ, ಅಪಾಯಕಾರಿ ಕಸ ಎಂದು ಮನೆಯಲ್ಲೇ ಬೇರ್ಪಡಿಸಿ ಕೊಡಬೇಕು. ಮೀನು ತೊಳೆದ ಉಳಿಕೆಯನ್ನು ಪ್ಲಾಸ್ಟಿಕ್ ಚೀಲದಲ್ಲಿ ಗಂಟು ಕಟ್ಟಿ ಹಾಕಿದರೆ ಪೌರಕಾರ್ಮಿಕರು ಅದನ್ನು ಬರಿಗೈಯಲ್ಲಿ ಬಿಚ್ಚಬೇಕಾಗುತ್ತದೆ. ಅದನ್ನು ಹಸಿ ಕಸದ ಬಕೆಟ್ಟಿಗೇ ಸುರಿಯಿರಿ. ಡಯಾಪರ್, ಪ್ಯಾಡ್‌ಗಳನ್ನು ಕಾಗದದಲ್ಲಿ ಸುತ್ತಿ ಗುರುತು ಹಾಕಿ ಬೇರೆಯಾಗಿ ಕೊಡಿ.

ದೂರು ಕೊಡುವುದಕ್ಕೂ ಒಂದು ಕ್ರಮವಿದೆ. ‘ನಮ್ಮ ಕಡೆ ಮಳೆನೀರಿನ ತೋಡು ಕಟ್ಟಿಕೊಂಡಿದೆ’ ಎಂದು ಫೋನಿನಲ್ಲಿ ಹೇಳಿ ಇಟ್ಟುಬಿಟ್ಟರೆ ಅದಕ್ಕೆ ದಾಖಲೆಯಿಲ್ಲ. ವಾರ್ಡಿನ ಹೆಸರು, ರಸ್ತೆ, ಹತ್ತಿರದ ಗುರುತು, ಎಷ್ಟು ದಿನದಿಂದ ಎಂಬ ವಿವರ ಬರೆದು, ಫೋಟೊ ಲಗತ್ತಿಸಿ, ಎರಡು ಪ್ರತಿಗಳನ್ನು ಟಪಾಲು ವಿಭಾಗಕ್ಕೆ ಒಯ್ಯಿರಿ. ಒಂದರ ಮೇಲೆ ಮೊಹರು, ದಿನಾಂಕ ಹಾಕಿಸಿಕೊಂಡು ಮನೆಯಲ್ಲಿಡಿ. ತೋಡು, ರಾಜಕಾಲುವೆಗಳ ಹೂಳಿನ ದೂರನ್ನು ಕೊಟ್ಟಾರ ಚೌಕಿ, ಜಪ್ಪಿನಮೊಗರುವಿನಂಥ ತಗ್ಗು ಪ್ರದೇಶದವರು ಏಪ್ರಿಲ್‌ನಲ್ಲೇ ಕೊಡಬೇಕು, ಮಳೆ ಹಿಡಿದ ಮೇಲೆ ಹೂಳೆತ್ತುವುದು ಯಾರಿಂದಲೂ ಆಗದು. ನಿಗದಿತ ಅವಧಿಯೊಳಗೆ ಸೇವೆ ಕೊಡಲೇಬೇಕೆನ್ನುವ ಸಕಾಲ ಕಾಯ್ದೆಯ ವ್ಯಾಪ್ತಿಯ ಸೇವೆಯಾದರೆ ಅರ್ಜಿ ಕೊಟ್ಟ ಕೂಡಲೇ 15 ಅಂಕಿಗಳ ಸಂಖ್ಯೆಯಿರುವ ಸ್ವೀಕೃತಿಯನ್ನು ಕೇಳಿ ಪಡೆಯಿರಿ. ನಿಗದಿತ ಅವಧಿ ಮೀರಿದರೆ ಆ ಸಂಖ್ಯೆಯ ಆಧಾರದ ಮೇಲೆ ಮೇಲ್ಮನವಿ ಸಲ್ಲಿಸಬಹುದು. ದಿನಕ್ಕೆ 20 ರೂಪಾಯಿಯಂತೆ ಗರಿಷ್ಠ 500 ರೂಪಾಯಿ ಪರಿಹಾರಕ್ಕೂ ಅವಕಾಶವಿದೆ. ಮೊತ್ತ ಸಣ್ಣದಾದರೂ ಮೇಲ್ಮನವಿ ದಾಖಲಾದ ಕಡತವನ್ನು ಮೇಜಿನ ಮೇಲೆ ಸುಮ್ಮನೆ ಇರಿಸಿಕೊಳ್ಳುವಂತಿಲ್ಲ.

ಕೊನೆಯದಾಗಿ, ಬಹಳ ಜನ ಕೇಳದೆಯೇ ಬಿಟ್ಟುಬಿಡುವ ನೆರವು. ಪಾಲಿಕೆಯ ಆದಾಯದಲ್ಲಿ ಪರಿಶಿಷ್ಟ ಜಾತಿ, ಪಂಗಡಗಳಿಗೆ ಶೇ. 24.10, ಇತರ ಬಡವರಿಗೆ ಶೇ. 7.25, ಅಂಗವಿಕಲರಿಗೆ ಶೇ. 5ರಷ್ಟು ನಿಧಿ ಮೀಸಲಾಗಿರುತ್ತದೆ. ನಿಮ್ಮ ಬೀದಿಯಲ್ಲಿ ಗಾಲಿಕುರ್ಚಿ ಬೇಕಾದವರೋ ಕಾಲೇಜಿನ ಶುಲ್ಕಕ್ಕೆ ಕಷ್ಟಪಡುವ ಮಕ್ಕಳೋ ಇದ್ದರೆ, ಈ ವರ್ಷ ಯಾವ ಯಾವ ನೆರವಿಗೆ ಅರ್ಜಿ ಕರೆದಿದ್ದಾರೆ, ಕೊನೆಯ ದಿನಾಂಕ ಯಾವುದು ಎಂಬುದನ್ನು ಕಚೇರಿಯ ನೋಟಿಸ್ ಬೋರ್ಡಿನಲ್ಲಿ ನೋಡಿ ಅವರಿಗೆ ತಿಳಿಸಿ. ಜಾತಿ ಮತ್ತು ಆದಾಯ ಪ್ರಮಾಣಪತ್ರ, ಅಂಗವಿಕಲರಾದರೆ ಅವರಿಗೆ ಕೊಡುವ ಯುಡಿಐಡಿ ಗುರುತಿನ ಕಾರ್ಡ್, ಬ್ಯಾಂಕ್ ಪಾಸ್‌ಪುಸ್ತಕದ ಪ್ರತಿಗಳನ್ನು ಮುಂಚಿತವಾಗಿ ಒಂದು ಫೈಲಿನಲ್ಲಿ ಹೊಂದಿಸಿಟ್ಟಿದ್ದರೆ ಅರ್ಜಿ ಕರೆದ ದಿನವೇ ಸಲ್ಲಿಸಬಹುದು.